ಕಕ್ಕಡ ಹದಿನೆಂಟರ ಕಲೆ

"ಬೊಂಬಾಯಿಯಲ್ಲಿ ಹತ್ತಿದ್ದು, ಅಥೆನ್ಸಿನಲ್ಲಿ ಇಳಿದದ್ದು. ನಡುವೆ ಎಲ್ಲಿಯೂ ನಿಲ್ಲಲೇ ಇಲ್ಲ," ಎಂದಳು ದಮಯಂತಿ.

ಮೂರ್ನಾಡಿನ ಮಹಿಳಾ ಸಮಾಜದಲ್ಲಿ ಸೇರಿದ್ದ ಅರವತ್ತು ಹೆಂಗಸರೂ ಬಾಯಿಬಿಟ್ಟು ಕೇಳುತ್ತಿದ್ದರು. ನೀಲಾವತಿ ಒಬ್ಬಳು ತುಟಿ ಬಿಗಿಹಿಡಿದು ಕೂತಿದ್ದಳು. ಈ ಮಾತು ಅವಳ ಕಿವಿಗೆ ಬೀಳುತ್ತಿರುವುದು ಹನ್ನೊಂದನೆಯ ಸಲ. ಮುಂದಿನ ವಾಕ್ಯ ಯಾವುದು, ಎಲ್ಲಿ ದಮಯಂತಿ ನಗುತ್ತಾಳೆ, ಎಲ್ಲಿ ಸೆರಗು ಸರಿಮಾಡಿಕೊಳ್ಳುತ್ತಾಳೆ, ಎಲ್ಲವೂ ಅವಳಿಗೆ ಬಾಯಿಪಾಠವಾಗಿತ್ತು.

ಕಿಟಕಿಗಳಿಗೆ ಕಂಬಳಿ ಕಟ್ಟಿ ಮಧ್ಯಾಹ್ನ ಮೂರು ಗಂಟೆಗೇ ಕತ್ತಲೆ ಮಾಡಿದ್ದರು. ಗೋಡೆಗೆ ಬಿಳಿ ಬೆಡ್‌ಶೀಟ್. ತೋಟದ ಲೆಕ್ಕ ಬರೆಯುವ ರೈಟರ್ ಜಯಪ್ಪ ಯಾರದೋ ಪ್ರೊಜೆಕ್ಟರ್ ಸಾಲ ತಂದು ಒಂದೊಂದೇ ಬಣ್ಣದ ಚಿತ್ರ ತಳ್ಳುತ್ತಿದ್ದ. ಮೊದಲ ಚಿತ್ರದಲ್ಲಿ ವಿಮಾನ, ಅದರ ಮೆಟ್ಟಿಲ ಮೇಲೆ ಸೂಟು ತೊಟ್ಟು ನಿಂತ ದಮಯಂತಿಯ ಗಂಡ ಧರ್ಮಪಾಲ.

ಸಮಾಜದ ಅಧ್ಯಕ್ಷೆ ಪೂವಮ್ಮನಿಗೆ ಒಂದು ಸಂಶಯ ಬಂತು. ವಿರಾಜಪೇಟೆಗೆ ಹೋಗುವ ಬಸ್ಸೇ ದಾರಿಯಲ್ಲಿ ನಾಲ್ಕು ಕಡೆ ನಿಲ್ಲುತ್ತದೆ, ಎಂಟೊಂಬತ್ತು ಗಂಟೆ ನಿಲ್ಲದೆ ಹೋಗುವುದಾದರೆ ಜನ ಮಾಡುವುದೇನು ಎಂದು ಕೇಳಿಬಿಟ್ಟಳು. ಎಲ್ಲರೂ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ವಿಮಾನದ ಬಾಲದ ಕಡೆ ಚಿಕ್ಕ ಕೋಣೆಯೊಂದು ಇರುತ್ತದೆಂದೂ, ಅದರಲ್ಲಿ ಕನ್ನಡಿ, ಬಿಸಿನೀರು, ಸೆಂಟು ಎಲ್ಲ ಇಟ್ಟಿರುತ್ತಾರೆಂದೂ ದಮಯಂತಿ ವಿವರಿಸಿದಳು. ಆ ಕೋಣೆಯ ಮೇಲೂ ನೀಲಾವತಿಗೆ ಹೊಟ್ಟೆ ಉರಿಯಿತು.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಚಂದದ ಹೆಸರಿಟ್ಟು ಸಾಕುವವಳಲ್ಲ ನೀಲಾವತಿ. ಅಥೆನ್ಸಿನ ಕಾಫಿ ಕಂಪೆನಿಯೊಂದು ತೋಟದ ಯಜಮಾನ ಬೋಜಪ್ಪನಿಗೆ ಪತ್ರ ಬರೆದು ಬನ್ನಿ ಎಂದು ಕರೆದಿತ್ತು. ತನಗೆ ವಯಸ್ಸಾಯಿತು, ತಮ್ಮನ ಮಕ್ಕಳಲ್ಲಿ ಒಬ್ಬ ಹೆಂಡತಿಯ ಜೊತೆ ಹೋಗಿಬರಲಿ ಎಂದು ಬೋಜಪ್ಪ ಹೇಳಿದಾಗ ದೊಡ್ಡವನಾದ ನಾಣಯ್ಯನೇ ಹೋಗುತ್ತಾನೆಂದು ಮನೆಯವರೆಲ್ಲ ಎಣಿಸಿದ್ದರು. ನಾಣಯ್ಯನ ಹೆಂಡತಿ ನೀಲಾವತಿ ವಿರಾಜಪೇಟೆಗೆ ಹೋಗಿ ಪಾಸ್‌ಪೋರ್ಟಿಗೆ ಫೋಟೋ ಕೂಡ ತೆಗೆಸಿಕೊಂಡಿದ್ದಳು. ಕೊನೆಗೆ ಇಂಗ್ಲಿಷ್ ಬರುತ್ತದೆಂದು ಬೋಜಪ್ಪ ಕಿರಿಯವನಾದ ಧರ್ಮಪಾಲನ ಕಡೆ ಕೈ ತೋರಿಸಿದ. ಆ ಫೋಟೋಗಳು ಈಗಲೂ ಅವಳ ಟ್ರಂಕಿನ ತಳದಲ್ಲಿ, ನಾಲ್ಕಕ್ಕೆ ನಾಲ್ಕೂ, ಬಿದ್ದಿವೆ.

ಇಷ್ಟೇ ಆಗಿದ್ದರೆ ಓರಗಿತ್ತಿಯರ ನಡುವಿನ ಮುನಿಸಾಗಿ ಮುಗಿದುಹೋಗುತ್ತಿತ್ತು. ಆದರೆ ಆಗಸ್ಟ್ ಮೂರರ ಸಂಜೆ ಆರೂವರೆಗೆ ಯಾರೋ ಬೋಜಪ್ಪನನ್ನು ತೋಟದ ಬಂಗಲೆಯ ಜಗಲಿಯಲ್ಲೇ ಗುಂಡಿಕ್ಕಿ ಕೊಂದಿದ್ದರು. ಬಂದೂಕು ನಾಣಯ್ಯನದು. ಮೂರು ದಿನ ಕಳೆದು ಪೊಲೀಸರು ಅವನನ್ನು ಕರೆದುಕೊಂಡು ಹೋದರು. ಅವನು ಮಡಿಕೇರಿಯ ಜೈಲಿನಲ್ಲಿ ಕೂತು ಇವತ್ತಿಗೆ ಇಪ್ಪತ್ತು ದಿನ.

ಆ ಸಂಜೆ ಎಲ್ಲಿದ್ದೆ ಎಂದು ಕೇಳಿದರೆ ನಾಣಯ್ಯ ಹೇಳಿದ್ದು ಒಂದೇ ಮಾತು. ಮೂರು ಗಂಟೆಗೆ ಜೀಪಿನಲ್ಲಿ ಹೊರಟೆ, ಜಯಪ್ಪನ ಮನೆಗೆ ಹಬ್ಬದ ಮದ್ದು ಸೊಪ್ಪಿನ ಪಾಯಸ ಕೊಡಲು ಹೋಗಿದ್ದೆ, ಎಂಟಕ್ಕೆ ಬಂದೆ. ಜಯಪ್ಪ ಮಾತ್ರ ತಲೆಯಲ್ಲಾಡಿಸಿ, ಅಯ್ಯ ಬರಲಿಲ್ಲ, ಪಾಯಸವೂ ಬರಲಿಲ್ಲ ಎಂದುಬಿಟ್ಟ. ಅಲ್ಲಿಂದ ಮುಂದೆ ನಾಣಯ್ಯ ಬಾಯಿ ಬಿಟ್ಟಿಲ್ಲ. ಹೆಂಡತಿ ಜೈಲಿಗೆ ಹೋಗಿ ಅತ್ತರೂ ಬಿಟ್ಟಿಲ್ಲ.

ಪಾಯಸ ಮಾಡಿದವಳು ನೀಲಾವತಿಯೇ. ಎರಡು ಬಟ್ಟಲಿನ ಹಿತ್ತಾಳೆ ಕ್ಯಾರಿಯರಿನಲ್ಲಿ ತುಂಬಿ ಕೊಟ್ಟವಳೂ ಅವಳೇ. ಒಂದು ಬಟ್ಟಲು ದಾರಿಯಲ್ಲಿ ಉರುಳಿಹೋಯಿತು ಎಂದು ಗಂಡ ಒಂದೇ ಬಟ್ಟಲು ಹಿಂದೆ ತಂದಾಗ, ಮದುವೆಯ ಪಾತ್ರೆ ಕಳೆದುಬಂದಿರಲ್ಲ ಎಂದು ರೇಗಿದ್ದಳು. ಆ ರೇಗಾಟ ಮುಗಿಯುವ ಮೊದಲೇ ಬಂಗಲೆಯಿಂದ ಆಳು ಓಡಿಬಂದಿದ್ದ.

ಬೋಜಪ್ಪನಿಗೆ ಮಕ್ಕಳಿಲ್ಲ, ನಾಣಯ್ಯನಿಗೆ ಶಿಕ್ಷೆಯಾದರೆ ಇಡೀ ತೋಟ ಧರ್ಮಪಾಲನದು. ಆದರೆ ಆ ದಿನ ಧರ್ಮಪಾಲನೂ ದಮಯಂತಿಯೂ ಕಡಲಾಚೆ ಅಥೆನ್ಸಿನಲ್ಲಿದ್ದರು. ಅವರ ಮೇಲೆ ಬೆರಳು ತೋರಿಸುವ ಹಾಗೇ ಇರಲಿಲ್ಲ. ನೀಲಾವತಿ ತೋರಿಸಿದರೆ ಊರವರು ಮೊದಲು ನೋಡುವುದು ಬೆರಳನ್ನಲ್ಲ, ಅವಳ ಮುಖವನ್ನು.

ಪೊನ್ನಂಪೇಟೆಯ ಉತ್ತಯ್ಯ ಇದನ್ನೇ ಹೇಳಿದ್ದರು. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು ಇನ್ಸ್‌ಪೆಕ್ಟರಾಗಿ ನಿವೃತ್ತರಾದ ಮನುಷ್ಯ. ನಾಣಯ್ಯನ ತಂದೆಯ ಗೆಳೆಯರೆಂದು ಈ ಕೇಸಿಗೆ ತಾವಾಗಿಯೇ ತಲೆ ಹಾಕಿದ್ದರು. ಮಳೆ ಇರಲಿ ಬಿಸಿಲಿರಲಿ ಕೈಯಲ್ಲಿ ಒಂದು ಕೊಡೆ, ಅದನ್ನು ಬಿಚ್ಚಿದ್ದನ್ನು ಯಾರೂ ಕಂಡವರಿಲ್ಲ.

"ನಿನ್ನ ಕಣ್ಣು ಚುರುಕು ಉಂಟು ನೀಲಾವತಿ," ಎಂದಿದ್ದರು ಅವರು ನಿನ್ನೆ. "ಆದ್ರೆ ನೀನು ಏನು ಹೇಳಿದ್ರೂ, ವಿಮಾನ ಹತ್ಲಿಕ್ಕೆ ಸಿಗದ ಹೊಟ್ಟೆಕಿಚ್ಚು ಅಂತಾರೆ. ಕೋರ್ಟಿನಲ್ಲಿ ನಿಲ್ಲುವಂಥದ್ದು ಒಂದು ತಂದುಕೊಡು. ಒಂದೇ ಸಾಕು."

ಅದಕ್ಕೇ ಅವಳು ಇವತ್ತು ಇಲ್ಲಿ ಬಂದು ಕೂತದ್ದು. ಐದು ಗಂಟೆಗೆ ಬಂದು ಮನೆಗೆ ಬಿಡುತ್ತೇನೆಂದು ಉತ್ತಯ್ಯ ಹೇಳಿದ್ದರು.

ದೊಡ್ಡಪ್ಪ ಸತ್ತು ತಿಂಗಳೂ ಆಗಿಲ್ಲ, ಇವಳು ಚಿತ್ರ ತೋರಿಸಿಕೊಂಡು ಕುಣಿಯುತ್ತಾಳಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಹಾಗೆಂದವರೂ ಎದ್ದುಹೋಗಲಿಲ್ಲ. ಬಣ್ಣದ ಚಿತ್ರ ಮೂರ್ನಾಡಿಗೆ ದಿನಾ ಬರುತ್ತದೆಯೇ. ನೀಲಾವತಿಗೆ ಗೊತ್ತಿತ್ತು, ಈ ಪ್ರದರ್ಶನ ಧರ್ಮಪಾಲನ ಹಟ. ತಾನು ಬೆಂಗಳೂರಿಗೆ ಹೋಗುವ ಮೊದಲು ಹೆಂಡತಿಗೆ ಕಟ್ಟಪ್ಪಣೆ ಮಾಡಿ ಹೋಗಿದ್ದ. ತಾವಿಬ್ಬರೂ ಅಥೆನ್ಸಿನಲ್ಲಿದ್ದೆವೆಂದು ಜಿಲ್ಲೆಗೆಲ್ಲ ಗೊತ್ತಾಗಬೇಕೆಂಬ ಆತುರ ಅವನಿಗೆ ಯಾಕೋ ಬಹಳ ಇತ್ತು.

ಚಿತ್ರಗಳು ಸಾಗಿದವು. ಬಂದರು, ಬಿಳಿ ದೋಣಿಗಳು, ದಂಡೆಯುದ್ದಕ್ಕೂ ಸಾಲು ಹೋಟೆಲು. ಗುಡ್ಡದ ತುದಿಯಲ್ಲಿ ಅಮೃತಶಿಲೆಯ ಕಂಬಗಳು, ಸಾವಿರಾರು ವರ್ಷ ಹಳೆಯವಂತೆ. ಅರಮನೆಯ ಮುಂದೆ ನೆರಿಗೆ ನೆರಿಗೆಯ ಲಂಗ ತೊಟ್ಟ ಸಿಪಾಯಿಗಳು ಕಾವಲು ನಿಂತಿದ್ದರು. ಗಂಡಸರಿಗೆ ಲಂಗವೇ ಎಂದು ಹೆಂಗಸರು ನಕ್ಕು ನಕ್ಕು ಸುಸ್ತಾದರು. ಜಯಪ್ಪನೂ ಕತ್ತಲೆಯಲ್ಲಿ ನಕ್ಕ.

ಮೂವತ್ತಾರು ಚಿತ್ರದಲ್ಲಿ ದಮಯಂತಿ ಒಂದರಲ್ಲೂ ಇಲ್ಲ. ಇದನ್ನು ನೀಲಾವತಿ ಮೊದಲ ಸಲವೇ ಗಮನಿಸಿದ್ದಳು. ಕೇಳಿದ್ದಕ್ಕೆ, ಕ್ಯಾಮೆರಾ ಹಿಡಿದವಳೇ ನಾನಲ್ವಾ ಅಕ್ಕ ಎಂದು ಉತ್ತರ ಬಂದಿತ್ತು. ಸರಿ ಎಂದು ಸುಮ್ಮನಾಗಿದ್ದಳು. ಮನೆಯಲ್ಲಿ ಪುಟ್ಟ ಪೆಟ್ಟಿಗೆಯೊಳಗೆ ಇಣುಕಿ ನೋಡುವುದು ಬೇರೆ, ಇಲ್ಲಿ ಗೋಡೆಯಗಲ ನೋಡುವುದು ಬೇರೆ.

ಕಂಬಗಳ ಗುಡ್ಡದ ಚಿತ್ರ ಮತ್ತೆ ಬಂತು. ಧರ್ಮಪಾಲ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾನೆ. ಅವನ ಪಾದದ ಬಳಿ, ಬಿಳಿ ಕಲ್ಲಿನ ಮೇಲೆ, ಫೋಟೋ ತೆಗೆಯುತ್ತಿರುವವರ ನೆರಳು ಉದ್ದಕ್ಕೆ ಬಿದ್ದಿದೆ. ಎರಡು ಮೊಣಕೈ, ಕ್ಯಾಮೆರಾ, ಸೊಂಟ. ಅದರ ಕೆಳಗೆ ಅಗಲಕ್ಕೆ ಹರಡಿ ಮೊಣಕಾಲಿನಲ್ಲೇ ನಿಂತುಹೋದ ಬಟ್ಟೆ. ಆಮೇಲೆ ಎರಡು ಬರಿಗಾಲಿನ ತೆಳ್ಳಗಿನ ನೆರಳು.

ದಮಯಂತಿ ಹುಟ್ಟಿದಾಗಿನಿಂದ ಫ್ರಾಕ್ ತೊಟ್ಟವಳಲ್ಲ. ಅಥೆನ್ಸಿನಲ್ಲೂ ಸೀರೆಯನ್ನೇ ಉಟ್ಟಿದ್ದೆ, ಬಿಳಿಯರೆಲ್ಲ ನಿಂತು ನೋಡುತ್ತಿದ್ದರು ಎಂದು ಹತ್ತು ನಿಮಿಷದ ಹಿಂದೆ ಅವಳೇ ಹೇಳಿದ್ದಳು.

ಪಕ್ಕದಲ್ಲಿದ್ದ ವನಜಮ್ಮನ ಕೈ ಹಿಡಿದು ನೋಡು ಎನ್ನಬೇಕೆನಿಸಿತು ನೀಲಾವತಿಗೆ. ಅಷ್ಟರಲ್ಲಿ ಜಯಪ್ಪ ಚಿತ್ರ ತಳ್ಳಿಬಿಟ್ಟ.

ವನಜಮ್ಮ ಅಷ್ಟರಲ್ಲಿ ತನ್ನದೇ ಪ್ರಶ್ನೆ ಕೇಳಿದ್ದಳು. ಅಲ್ಲಿ ಕಾಫಿ ಹೇಗುಂಟು ಎಂದು.

"ನಮ್ಮ ಹಾಗೇ ವನಜಕ್ಕ," ಎಂದಳು ದಮಯಂತಿ. "ಸೋಸಿ, ಹಾಲು ಹಾಕಿ ಕೊಡ್ತಾರೆ."

ಪ್ರೊಜೆಕ್ಟರಿನ ಹಿಂದೆ ಜಯಪ್ಪ ಕತ್ತು ಎತ್ತಿದ. ನೀಲಾವತಿಯೂ ಕತ್ತು ತಿರುಗಿಸಿದಳು. ಇಬ್ಬರ ಕಣ್ಣೂ ಒಮ್ಮೆ ಸೇರಿ ಬೇರೆಯಾದವು. ಅಥೆನ್ಸಿನವರು ಪುಡಿಯನ್ನು ಸೋಸುವುದೇ ಇಲ್ಲ, ಹಾಲಿನ ಮುಖ ತೋರಿಸುವುದಿಲ್ಲ, ಗಸಿ ಸಮೇತ ಚಿಕ್ಕ ಕಪ್ಪಿಗೆ ಸುರಿದು ಕೊಡುತ್ತಾರೆ ಎಂದು ಧರ್ಮಪಾಲ ಕಾಫಿ ಒಣಗಿಸುವ ಕಣದಲ್ಲಿ ನಿಂತು ಜಯಪ್ಪನೆದುರು ಅರ್ಧ ಗಂಟೆ ಹೀಯಾಳಿಸಿದ್ದ. ಜಯಪ್ಪ ಅದನ್ನು ನೀಲಾವತಿಗೆ ಹೇಳಿದ್ದ. ಕಾಫಿ ತೋಟದಲ್ಲಿ ಹುಟ್ಟಿ ಕಾಫಿ ತೋಟಕ್ಕೇ ಸೊಸೆಯಾಗಿ ಬಂದವಳು ಎರಡು ವಾರ ಆ ಕಾಫಿ ಕುಡಿದು ಮರೆತಳೇ.

ನಾಲ್ಕೂಕಾಲಿಗೆ ಕಂಬಳಿ ಬಿಚ್ಚಿದರು. ಬೆಳಕಿಗೆ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡರು. ವಾರದಿಂದ ಮಳೆ ಬಿಡುವು ಕೊಟ್ಟಿತ್ತು, ಹೊರಗೆ ಒಳ್ಳೆಯ ಬಿಸಿಲು. ಚಹಾ, ಚಕ್ಕುಲಿ ಬಂತು. ದಮಯಂತಿಯ ಸುತ್ತ ಹೆಂಗಸರು ಮುತ್ತಿಕೊಂಡರು. ಅವಳು ಕೈಚೀಲದಿಂದ ಲೇಸಿನ ಅಂಚಿದ್ದ ಬಿಳಿ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡಳು. ಪ್ಲೇನಿಗೆ ಬೇಕೆಂದೇ ಹೋಗುವಾಗ ಮೈಸೂರಿನಲ್ಲಿ ಕೊಂಡದ್ದು ಎಂದಳು.

ಕರವಸ್ತ್ರದ ಮೂಲೆಯಲ್ಲಿ ನೇರಳೆ ಬಣ್ಣದ ಕಲೆ ಇತ್ತು. ಹುಣಿಸೆ ಬೀಜದಷ್ಟು ದೊಡ್ಡದು, ಪಕ್ಕದಲ್ಲಿ ಮತ್ತೆರಡು ಚಿಕ್ಕವು.

"ಇದೆಂಥದು, ಇಷ್ಟು ಚಂದದ ಬಟ್ಟೆಗೆ?" ಎಂದಳು ಪೂವಮ್ಮ.

ದಮಯಂತಿ ಒಂದು ಕ್ಷಣ ನೋಡಿದಳು. ಆಮೇಲೆ ನಾಚಿದವಳ ಹಾಗೆ ನಕ್ಕು, ಅಲ್ಲಿ ಕಪ್ಪು ದ್ರಾಕ್ಷಿಯ ವೈನ್ ಕುಡಿಯುತ್ತಾರೆಂದೂ, ಇವರು ಬಲವಂತ ಮಾಡಿ ಒಂದು ಗುಟುಕು ಕುಡಿಸಿದರೆಂದೂ, ಆಗ ಬಿದ್ದ ಹನಿ ಇದೆಂದೂ ಹೇಳಿದಳು. ಗಂಡ ಬಲವಂತ ಮಾಡಿ ವೈನ್ ಕುಡಿಸಿದ ಎಂದ ಕೂಡಲೇ ಹೆಂಗಸರೆಲ್ಲ ಓಹೋ ಎಂದರು. ಅವರಲ್ಲಿ ಅರ್ಧ ಜನರಿಗಾದರೂ ಅವತ್ತು ರಾತ್ರಿ ತಮ್ಮ ಗಂಡಂದಿರ ಮೇಲೆ ಸಿಟ್ಟು ಬಂದಿರಬೇಕು.

"ಕೊಡು ದಮಯಂತಿ, ನಿಂಬೆ ಹಣ್ಣು ಹಾಕಿ ತೊಳೆದುಕೊಡ್ತೇನೆ," ಎಂದು ನೀಲಾವತಿ ಕೈ ಚಾಚಿದಳು.

ದಮಯಂತಿ ಬೇಡ ಎನ್ನುವಷ್ಟರಲ್ಲಿ ಕರವಸ್ತ್ರ ನೀಲಾವತಿಯ ಕೈಗೆ ಬಂದಾಗಿತ್ತು. ಮೂಗಿನ ಹತ್ತಿರ ಹಿಡಿದಳು. ಸೆಂಟಿನ ವಾಸನೆಯ ಕೆಳಗೆ, ತೀರಾ ಸಣ್ಣಗೆ, ಇನ್ನೊಂದು ವಾಸನೆ ಇತ್ತು.

ಕೊಡಗಿನಲ್ಲಿ ಹುಟ್ಟಿದವರ ಮೂಗಿಗೆ ಆ ವಾಸನೆಯನ್ನು ಯಾರೂ ಕಲಿಸಬೇಕಾಗಿಲ್ಲ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮದ್ದು ಸೊಪ್ಪಿಗೆ ಹದಿನೆಂಟು ಬಗೆಯ ಔಷಧದ ಗುಣ ಬರುತ್ತದೆಂದು ನಂಬಿಕೆ. ಆ ಒಂದು ದಿನ ಪ್ರತಿಯೊಂದು ಮನೆಯಲ್ಲೂ ಸೊಪ್ಪು ಕುದಿಸಿ, ಆ ನೇರಳೆ ನೀರಿನಲ್ಲಿ ಅಕ್ಕಿ ಬೆಲ್ಲ ಬೇಯಿಸಿ ಪಾಯಸ ಮಾಡುತ್ತಾರೆ. ಮರುದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹಿಡಿಯಿತೆಂದು ಸಮಾಧಾನ. ಮಾರನೆಯ ದಿನ ಆ ಸೊಪ್ಪನ್ನು ಯಾರೂ ಮುಟ್ಟುವುದಿಲ್ಲ. ನೀಲಾವತಿಯ ಅಡಿಗೆಮನೆಯ ಮಸಿಬಟ್ಟೆಗಳಿಗೆಲ್ಲ ವರ್ಷ ವರ್ಷ ಹಿಡಿಯುವ ಬಣ್ಣ ಇದೇ.

ಈ ವರ್ಷ ಕಕ್ಕಡ ಹದಿನೆಂಟು ಬಿದ್ದದ್ದು ಆಗಸ್ಟ್ ಮೂರಕ್ಕೆ. ಬೋಜಪ್ಪ ಸತ್ತ ದಿನ.

ಜುಲೈ ಕೊನೆಗೆ ಮೈಸೂರಿನಲ್ಲಿ ಕೊಂಡ ಕರವಸ್ತ್ರ. ಆಗಸ್ಟ್ ಹನ್ನೆರಡಕ್ಕೆ ದಮಯಂತಿ ಮನೆಗೆ ಹಿಂತಿರುಗಿದ್ದಾಳೆ. ಅಥೆನ್ಸಿನ ಯಾವ ಹೋಟೆಲಿನಲ್ಲಿ ಮದ್ದು ಪಾಯಸ ಕೊಡುತ್ತಾರೆ?

ನೀಲಾವತಿಗೆ ಬಂದ ಮೊದಲ ಭಾವನೆ ಗಂಡ ಉಳಿದ ಎಂಬುದಲ್ಲ. ಇವಳು ವಿಮಾನವನ್ನೇ ಹತ್ತಿಲ್ಲ ಎಂಬುದು. ಒಂದು ತಿಂಗಳಿನಿಂದ ಎದೆಯೊಳಗೆ ಕೂತಿದ್ದ ಕೆಂಡ ತಣ್ಣಗಾದ ಹಾಗಾಯಿತು. ಕೂಡಲೇ ಅವಳಿಗೆ ತನ್ನ ಮೇಲೆ ನಾಚಿಕೆಯೂ ಆಯಿತು. ಆದರೂ ಸಂತೋಷವೇ ಹೆಚ್ಚಾಗಿತ್ತು.

"ಒಂದು ನಿಮಿಷ ಒಳಗೆ ಬಾ," ಎಂದು ದಮಯಂತಿಯ ಕೈ ಹಿಡಿದಳು.

ಸಭೆಯ ಹಿಂದುಗಡೆ ಹೊಲಿಗೆ ಯಂತ್ರಗಳನ್ನಿಡುವ ಕೋಣೆ. ನೀಲಾವತಿ ಬಾಗಿಲು ಹಾಕಿ ಚಿಲಕ ಸೇರಿಸಿದಳು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ನಲವತ್ತು. ಹೊರಗೆ ಹೆಂಗಸರು ಇನ್ನೂ ಲಂಗದ ಸಿಪಾಯಿಗಳ ಮಾತಾಡಿ ನಗುತ್ತಿದ್ದರು.

ಕರವಸ್ತ್ರವನ್ನು ಯಂತ್ರದ ಮೇಲೆ ಹರಡಿದಳು.

"ಇದು ವೈನ್ ಅಲ್ಲ. ಕಕ್ಕಡ ಹದಿನೆಂಟರ ಪಾಯಸ."

ದಮಯಂತಿ ಕರವಸ್ತ್ರ ಎಳೆದುಕೊಳ್ಳಲು ಕೈ ಚಾಚಿದಳು.

ನೀಲಾವತಿ ಬಿಡಲಿಲ್ಲ. ಕಾಫಿಯ ಮಾತು ಎತ್ತಿದಳು, ನೆರಳಿನ ಫ್ರಾಕಿನ ಮಾತು ಎತ್ತಿದಳು. ನೀನು ಆ ದಿನ ಕೊಡಗಿನಲ್ಲೇ ಇದ್ದೆ ಎಂದಳು. ನಮ್ಮ ಮನೆಯ ಬಂದೂಕು ಯಾವ ಗೋಡೆಗೆ ತೂಗುತ್ತದೆ, ತೋಟಾಗಳು ಯಾವ ಡಬ್ಬಿಯಲ್ಲಿರುತ್ತವೆ, ಹಿಂದಿನ ಬಾಗಿಲಿಗೆ ಅಗುಳಿ ಹಾಕುವುದಿಲ್ಲ, ಇದೆಲ್ಲ ನಿನಗೆ ಗೊತ್ತು ಎಂದಳು. ಹೇಳುತ್ತ ಹೇಳುತ್ತ ಅವಳ ಸ್ವರ ಏರಿತು.

"ದೊಡ್ಡಪ್ಪನನ್ನು ನೀವಿಬ್ಬರು ಸೇರಿ ಮುಗಿಸಿದ್ದೀರಿ. ನನ್ನ ಗಂಡನ ಕುತ್ತಿಗೆಗೆ ಹಗ್ಗ ಹಾಕಿ, ನೀನಿಲ್ಲಿ ಊರಿಗೆಲ್ಲ ಕಡಲು ತೋರಿಸ್ತಾ ಇದ್ದೀಯ. ಐದು ಗಂಟೆಗೆ ಉತ್ತಯ್ಯನವರು ಬರ್ತಾರೆ. ಅವರ ಮುಂದೆ ಹೇಳು, ವೈನ್ ಅಂತ."

ದಮಯಂತಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಒಂದೂವರೆ ಗಂಟೆ ಪುಸ್ತಕದ ಕನ್ನಡ ಮಾತಾಡಿದ್ದ ಬಾಯಿಗೆ ಈಗ ಮನೆಯ ಅರೆಭಾಷೆ ಬಂತು.

"ನಾ ಹೋಗಿಲ್ಲೆ ಅಕ್ಕ," ಎಂದಳು. "ವಿಮಾನ ಹೆಂಗೆ ಇರುತ್ತೆ ಅಂತಲೂ ನಂಗೆ ಗೊತ್ತಿಲ್ಲೆ."

ಆಮೇಲೆ ಅವಳು ಹೇಳಿದ್ದನ್ನು ನೀಲಾವತಿ ನಿಂತೇ ಕೇಳಿದಳು. ಹಾರ ಹಾಕಿಸಿಕೊಂಡು ಕಾರು ಹತ್ತಿದ್ದು ನಿಜ. ಮೈಸೂರಿನ ಹೋಟೆಲಿನಲ್ಲಿ ಇನ್ನೊಬ್ಬಳು ಮೊದಲೇ ಬಂದು ಕಾದು ಕೂತಿದ್ದಳು, ಮೊಣಕಾಲಿನ ತನಕದ ಫ್ರಾಕ್ ತೊಟ್ಟು. ಎರಡನೆಯ ಟಿಕೆಟ್ ಇದ್ದದ್ದು ಅವಳ ಹೆಸರಿನಲ್ಲಿ. ದಮಯಂತಿಯ ಹೆಸರಿನಲ್ಲಿ ಪಾಸ್‌ಪೋರ್ಟೇ ಆಗಿರಲಿಲ್ಲ. ಗಲಾಟೆ ಮಾಡಿದರೆ ತವರಿಗೆ ಅಟ್ಟುತ್ತೇನೆ, ಸುಮ್ಮನಿದ್ದರೆ ಹೆಂಡತಿಯಾಗಿ ಇರಬಹುದು ಎಂದು ಧರ್ಮಪಾಲ ಹೇಳಿದ. ಅಂದೇ ಬಾಡಿಗೆ ಕಾರಿನಲ್ಲಿ ಪಾಲಿಬೆಟ್ಟಕ್ಕೆ ಕಳಿಸಿದ. ಅಲ್ಲಿ ಅವಳ ಗೆಳತಿಯ ಎಸ್ಟೇಟ್ ಬಂಗಲೆ ಖಾಲಿ ಇತ್ತು. ಬಾಗಿಲು ಮುಚ್ಚಿಕೊಂಡು ಹದಿಮೂರು ದಿನ ಕೂತಳು. ಹನ್ನೆರಡನೆಯ ತಾರೀಕು ಮೈಸೂರಿನಲ್ಲಿ ಮತ್ತೆ ಗಂಡನ ಕಾರು ಹತ್ತಿ, ನಗುತ್ತ ಊರಿಗೆ ಬಂದಳು. ಬಂದರು, ಗುಡ್ಡ, ಸಿಪಾಯಿ ಎಲ್ಲ ಅವನು ಕೂರಿಸಿ ಬಾಯಿಪಾಠ ಮಾಡಿಸಿದ್ದು. ಕಾಫಿಯೊಂದನ್ನು ಹೇಳಿಕೊಡಲು ಮರೆತಿದ್ದ.

"ನೀನು ನನ್ನ ವಿಮಾನಕ್ಕೆ ಹೊಟ್ಟೆ ಉರಿಸಿಕೊಂಡೆ," ಎಂದಳು ದಮಯಂತಿ. "ನಾನು ಆ ವಿಮಾನದಲ್ಲಿ ಕೂತವಳಿಗೆ. ಆ ನೆರಳಿನ ಚಿತ್ರ ಗೋಡೆ ಮೇಲೆ ಬಂದರೆ ಬೇಗ ತಳ್ಳು ಅಂತ ಜಯಪ್ಪನಿಗೆ ಹೇಳಿ ಇಟ್ಟಿದ್ದೇನೆ. ಅದೇ ಗುಡ್ಡ ತೋರಿಸಿ ನಾನೇ ನಗಬೇಕು."

ನೀಲಾವತಿಯ ಸಿಟ್ಟು ಅರ್ಧಕ್ಕೆ ಇಳಿಯಿತು. ಪೂರ್ತಿ ಇಳಿಯಲು ಬಿಡಲಿಲ್ಲ ಅವಳು. ಕನಿಕರಕ್ಕೆ ಇದು ಹೊತ್ತಲ್ಲ.

"ಪಾಲಿಬೆಟ್ಟದಲ್ಲಿ ಬಾಗಿಲು ಹಾಕಿ ಕೂತವಳಿಗೆ ಪಾಯಸ ಎಲ್ಲಿಂದ ಬಂತು?"

ದಮಯಂತಿ ತಲೆ ತಗ್ಗಿಸಿದಳು. ಹುಟ್ಟಿದಾಗಿನಿಂದ ಒಂದು ವರ್ಷವೂ ಅವಳು ಮದ್ದು ಪಾಯಸ ತಪ್ಪಿಸಿದವಳಲ್ಲ. ಆ ದಿನ ಬೆಳಿಗ್ಗೆ ಕೂಲಿಯವರ ಲೈನ್ ಮನೆಗಳ ಕಡೆಯಿಂದ ಸೊಪ್ಪು ಬೇಯಿಸುವ ವಾಸನೆ ಬಂದಾಗ ಅತ್ತುಬಿಟ್ಟಿದ್ದಳಂತೆ. ಬಂಗಲೆ ಕಾಯುವವನು ಕೇರಳದವನು, ಅವನಿಗೆ ಇದರ ಗಂಧಗಾಳಿ ಗೊತ್ತಿಲ್ಲ. ಅವನೂ ಆ ಮಧ್ಯಾಹ್ನ ಪೇಟೆಗೆ ಹೋದವನು ರಾತ್ರಿಯೇ ಬಂದದ್ದು. ಇಷ್ಟು ಹೇಳಿ ಅವಳು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. ತಳದಿಂದ ಹಳೆಯ ಪೇಪರಿನಲ್ಲಿ ಸುತ್ತಿದ ಗಂಟೊಂದನ್ನು ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟಳು.

"ಮನೆಯಲ್ಲಿಟ್ಟರೆ ಇವರು ನೋಡ್ತಾರೆ ಅಂತ ಎರಡು ವಾರದಿಂದ ಹೊತ್ತುಕೊಂಡು ತಿರುಗ್ತಾ ಇದ್ದೇನೆ. ನಿನ್ನದು. ತಕೊ."

ಪೇಪರು ಬಿಚ್ಚುವ ಮೊದಲೇ ನೀಲಾವತಿಗೆ ಗೊತ್ತಾಯಿತು. ಆದರೂ ಬಿಚ್ಚಿದಳು. ಕಲಾಯಿ ಹಾಕಿದ ಹಿತ್ತಾಳೆ ಬಟ್ಟಲು. ಅಂಚಿನಲ್ಲಿ ಒಣಗಿದ ನೇರಳೆ ಗೆರೆ. ಬೋರಲು ಹಾಕಿದರೆ, ಮದುವೆಯಲ್ಲಿ ಅವಳ ತಂದೆ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಅಕ್ಷರ: ನೀ. ನಾ. ೧೯೫೪.

ದಾರಿಯಲ್ಲಿ ಉರುಳಿಹೋದ ಬಟ್ಟಲು.

"ನಾಣಯ್ಯ ಭಾವ ನಾನು ಅಲ್ಲಿಗೆ ಹೋದ ಮರುದಿನವೇ ನನ್ನನ್ನು ನೋಡಿದ್ದರು," ಎಂದಳು ದಮಯಂತಿ. "ಕಾಫಿ ಸಸಿಗೆ ಅಂತ ಆ ಕಡೆ ಬಂದಿದ್ದಾಗ, ಜಗಲಿಯಲ್ಲಿ. ಯಾರಿಗೂ ಹೇಳಬೇಡಿ, ಅಕ್ಕನಿಗಂತೂ ಬೇಡವೇ ಬೇಡ ಅಂತ ಕೈ ಹಿಡಿದು ಆಣೆ ಹಾಕಿಸಿಕೊಂಡೆ. ಅಕ್ಕನಿಗೆ ಗೊತ್ತಾದರೆ ನನ್ನ ಮುಖ ನೋಡಿ ನಗ್ತಾಳೆ ಅಂದೆ. ಹದಿಮೂರು ದಿನದಲ್ಲಿ ಊಟ ಆಯ್ತಾ ಅಂತ ಕೇಳಿದವರು ಅವರೊಬ್ಬರೇ."

ನೀಲಾವತಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಆ ಪಾಯಸಕ್ಕೆ ಅವಳು ಒಂದು ಚಮಚ ಜೇನು ಹೆಚ್ಚು ಹಾಕಿದ್ದಳು. ಜಯಪ್ಪನಿಗೆ ಜೇನು ಇಷ್ಟ ಎಂದು ಗಂಡ ಹೇಳಿದ್ದ. ಜಯಪ್ಪನಿಗೆ ಜೇನು ಕಂಡರಾಗದು ಎಂದು ಈಗ ಥಟ್ಟನೆ ನೆನಪಾಯಿತು. ಜೇನಿನ ಆಸೆ ಇದ್ದದ್ದು ಮನೆಯಲ್ಲಿ ದಮಯಂತಿ ಒಬ್ಬಳಿಗೇ.

"ಇಪ್ಪತ್ತು ದಿನ," ಎಂದಳು. "ಇಪ್ಪತ್ತು ದಿನದಿಂದ ಅವರು ಜೈಲಿನಲ್ಲಿ. ನೀನು ಒಂದು ಮಾತು ಹೇಳಿದ್ರೆ ಆಗ್ತಿತ್ತು."

ಹೇಳಿದರೆ ತನ್ನ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದದ್ದು ಊರಿಗೆಲ್ಲ ಗೊತ್ತಾಗುತ್ತಿತ್ತು ಎಂದಳು ದಮಯಂತಿ. ತಾನೂ ಕೊಡಗಿನಲ್ಲೇ ಇದ್ದೆ ಎಂದು ಗೊತ್ತಾದರೆ ಪೊಲೀಸರು ತನ್ನನ್ನೂ ಬಿಡುತ್ತಿರಲಿಲ್ಲ. ಭಾವನೇ ಇವತ್ತು ಬಾಯಿ ಬಿಟ್ಟಾರು, ನಾಳೆ ಬಿಟ್ಟಾರು ಎಂದು ದಿನಾ ಕಾದಳು. ಅವರು ಆಣೆ ಮುರಿಯಲಿಲ್ಲ.

ಆಣೆ. ನೀಲಾವತಿ ಜೈಲಿನ ಕಂಬಿ ಹಿಡಿದು ಎಲ್ಲಿದ್ದಿರಿ ಹೇಳಿ ಎಂದು ಬೇಡಿಕೊಂಡ ದಿನ, ನಾಣಯ್ಯ ಗೋಡೆ ನೋಡುತ್ತ ಕೂತಿದ್ದ. ಹೆಂಡತಿಯ ಕಣ್ಣೀರಿಗಿಂತ ಇವಳಿಗೆ ಹಾಕಿದ ಆಣೆ ದೊಡ್ಡದಾಯಿತು ಅವನಿಗೆ. ತಣ್ಣಗಾಯಿತು ಎಂದುಕೊಂಡಿದ್ದ ಕೆಂಡ ಈಗ ನಿಜವಾಗಿ ಹೊತ್ತಿಕೊಂಡಿತು. ವಿಮಾನದ ಹೊಟ್ಟೆಕಿಚ್ಚು ಇದರ ಮುಂದೆ ಏನೇನೂ ಅಲ್ಲ.

ಆದರೆ ಲೆಕ್ಕ ತಪ್ಪುವವಳಲ್ಲ ಅವಳು. ಮೂರು ಗಂಟೆಗೆ ಮನೆ ಬಿಟ್ಟರೆ ಪಾಲಿಬೆಟ್ಟ ನಾಲ್ಕಕ್ಕೆ. ಬಟ್ಟಲು ಕೊಟ್ಟು ನಾಲ್ಕು ಮಾತಾಡಿ ಹೊರಟಿದ್ದರೆ ಐದೂವರೆಗೆ ಮೂರ್ನಾಡು. ಆರೂವರೆಗೆ ಗುಂಡು ಹಾರಿತು. ಹಾಗಾದರೆ ಅವನು ಅವಳ ಗಂಡನೇ, ಬೇರೆ ಯಾರವನೂ ಅಲ್ಲ. ಪಾಯಸ ಕೊಟ್ಟು ಬಂದ ಒಳ್ಳೆಯ ಭಾವ. ಅವನ ಕುತ್ತಿಗೆಯ ಹಗ್ಗ ಮಾತ್ರ ಹಾಗೇ ಉಳಿಯುತ್ತದೆ.

ಏಳರ ತನಕ ಅಲ್ಲೇ ಇದ್ದಿದ್ದರೆ, ಎಂಟಕ್ಕೆ ಮನೆಗೆ ಬಂದದ್ದು ಸರಿಹೋಗುತ್ತದೆ. ಕೊಲೆ ಅವನದಲ್ಲ. ಅವನು ಬದುಕುತ್ತಾನೆ, ಬಿಡುಗಡೆಯಾಗಿ ಮನೆಗೆ ಬರುತ್ತಾನೆ. ಆಮೇಲೆ ಅವಳು ಬದುಕಿರುವ ತನಕ ಆ ಮೂರು ಗಂಟೆಯನ್ನು ಎಣಿಸಬೇಕು. ಮುಚ್ಚಿದ ಬಾಗಿಲಿನ ಬಂಗಲೆ, ಅಳುತ್ತಿದ್ದ ಚಂದದ ಹೆಂಗಸು, ಮೂರು ಗಂಟೆ.

"ಅವರು ಎಷ್ಟು ಹೊತ್ತಿಗೆ ಹೊರಟರು?" ಎಂದು ಕೇಳಿದಳು. ಯಾವ ಉತ್ತರ ಬರಲಿ ಎಂದು ತಾನು ಬಯಸುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ.

ದಮಯಂತಿ ಅವಳ ಮುಖವನ್ನೇ ನೋಡಿದಳು. ಹೊರಗೆ ಜೀಪು ನಿಂತ ಸದ್ದಾಯಿತು. ಪೂವಮ್ಮ ಯಾರಿಗೋ ಬನ್ನಿ ಬನ್ನಿ ಎನ್ನುತ್ತಿದ್ದಳು. ಸಿಮೆಂಟಿನ ನೆಲದ ಮೇಲೆ ಕೊಡೆಯ ತುದಿ ಊರುತ್ತ ಯಾರೋ ಇತ್ತ ಕಡೆಗೇ ನಡೆದು ಬಂದರು.

"ನಿಜ ಹೇಳು," ಎಂದಳು ನೀಲಾವತಿ.

"ನಿಜ ಹೇಳಿದರೆ ನೀನು ನಂಬ್ತೀಯಾ?"

ಬಾಗಿಲನ್ನು ಮೂರು ಸಲ ತಟ್ಟಿದ ಸದ್ದು ಬಂತು. ಒಳಗೆ ಇದ್ದೀಯಾ ನೀಲಾವತಿ ಎಂದು ಉತ್ತಯ್ಯನ ಸ್ವರ ಕೇಳಿತು.

ದಮಯಂತಿ ಎದ್ದು ಸೆರಗು ಸರಿಮಾಡಿಕೊಂಡಳು. ಚಿಲಕದ ಮೇಲೆ ಕೈಯಿಟ್ಟು, ಓರಗಿತ್ತಿಗೆ ಮಾತ್ರ ಕೇಳುವ ಹಾಗೆ ಹೇಳಿದಳು:

"ನಾನು ಹೇಳಿದ್ದೇ ಸಾಕ್ಷಿ, ಅಲ್ಲಿ ಬೇರೆ ಯಾರೂ ಇರಲಿಲ್ಲ. ನಿನ್ನ ಗಂಡ, ನೀನೇ ಹೇಳಕ್ಕ. ನಾಲ್ಕೂವರೆ ಅನ್ನಲಾ, ಏಳು ಅನ್ನಲಾ?"